ಆರು ಜನ, ಒಬ್ಬ ಗೈಡ್: ದಾವಣಗೆರೆ ಕಡೆಯಿಂದ ಹಕ್ಕಿ ನೋಡಲು ಹೊರಡುವವರಿಗೆ ಯಾವ ಪ್ರವಾಸ ಸರಿ?

ದೀಪಾವಳಿ ಕಳೆದು ಚಳಿ ಶುರುವಾಗುತ್ತಿದ್ದಂತೆ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪರಿಚಯದವರು, ಅವರ ನೆಂಟರು, ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಬರುವವರು ಎಲ್ಲರೂ ಕೇಳುತ್ತಾರೆ. "ನಾವು ಐದಾರು ಜನ ಇದ್ದೀವಿ. ಗೈಡ್ ಇಟ್ಕೊಂಡು ಹಕ್ಕಿ ನೋಡೋಕೆ ಹೋಗಬೇಕು. ಎಲ್ಲಿಗೆ ಹೋದ್ರೆ ಚೆನ್ನಾಗಿರುತ್ತೆ?"

ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಯಾವ ತಿಂಗಳು ಹೊರಡುತ್ತೀರಿ? ಒಬ್ಬ ಗೈಡ್ ಜೊತೆ ಎಷ್ಟು ಜನ ಇರುತ್ತೀರಿ? ಈ ಎರಡಕ್ಕೆ ಉತ್ತರ ಸಿಕ್ಕಿತು ಅಂದರೆ ಊರು ಯಾವುದು ಅನ್ನೋದು ಅರ್ಧ ತೀರ್ಮಾನವಾದ ಹಾಗೆ. ಊರು ಮೊದಲು ಆರಿಸಿ, ಉಳಿದದ್ದನ್ನು ಆಮೇಲೆ ನೋಡಿಕೊಳ್ಳೋಣ ಅಂದುಕೊಂಡವರು ದುಡ್ಡು ಕೊಟ್ಟು ಬೇಜಾರು ಮಾಡಿಕೊಂಡು ಬಂದಿದ್ದನ್ನು ಕಂಡಿದ್ದೇನೆ.

ನಮಗೂ ಹಾಗೇ ಆಗಿತ್ತು. ಮೊದಲ ಸಲ ದುಡ್ಡು ಕಟ್ಟಿ ಹೋಗಿದ್ದು ಮಲೆನಾಡಿನ ಕಡೆಗೆ. "ಸಣ್ಣ ಗುಂಪು" ಅಂತ ಹೇಳಿದ್ದರು. ಹೋಗಿ ನೋಡಿದರೆ 14 ಜನ, ಗೈಡ್ ಒಬ್ಬರೇ. ಕಾಡಿನ ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮುಂದೆ ಗೈಡ್ ಮರಕುಟಿಗ ತೋರಿಸುತ್ತಾರೆ, ಆ ಮಾತು ಬಾಯಿಂದ ಬಾಯಿಗೆ ದಾಟಿ ಹಿಂದಿನವರಿಗೆ ಮುಟ್ಟುವಷ್ಟರಲ್ಲಿ ಕೊಂಬೆ ಖಾಲಿ. ನಮ್ಮ ಅಕ್ಕನಿಗೆ ಮಂಡಿ ನೋವು. ಹಾಗಾಗಿ ಎಲ್ಲರಿಗಿಂತ ಕೊನೆಯಲ್ಲಿ ಬರುತ್ತಿದ್ದಳು. ಎರಡು ದಿನದಲ್ಲಿ ಅವಳು ಕಣ್ಣಾರೆ ಕಂಡ ಹೊಸ ಹಕ್ಕಿ ಮೂರೋ ನಾಲ್ಕೋ ಅಷ್ಟೇ. ಗುಂಪು ಕಂಡ ಹಕ್ಕಿಗಳ ಪಟ್ಟಿಯಲ್ಲಿ ಮಾತ್ರ ಅರವತ್ತು ದಾಟಿತ್ತು. ಅವತ್ತಿನಿಂದ ನಾನು ಪಟ್ಟಿಯನ್ನು ನಂಬುವುದಿಲ್ಲ.

ಒಬ್ಬ ಗೈಡ್‌ಗೆ ಆರು ಜನ. ಇದಕ್ಕಿಂತ ಜಾಸ್ತಿ ಬೇಡ. ಇದು ಸುಮ್ನೆ ಹೇಳಿದ ಲೆಕ್ಕವಲ್ಲ. ಕೆರೆ ದಂಡೆಯಲ್ಲಿ ಸ್ಪಾಟಿಂಗ್ ಸ್ಕೋಪ್ (ಸ್ಟ್ಯಾಂಡಿನ ಮೇಲಿಡುವ ದೂರದರ್ಶಕ) ಇಟ್ಟು ದೂರದ ಬಾತುಕೋಳಿ ತೋರಿಸುವಾಗ ಒಬ್ಬೊಬ್ಬರಿಗೆ ಅರ್ಧ ನಿಮಿಷ ಹಿಡಿದರೂ ಆರು ಜನಕ್ಕೆ ಮೂರು ನಿಮಿಷ ಬೇಕು. ಬಾತುಕೋಳಿ ಅಷ್ಟು ಹೊತ್ತು ಇರುತ್ತದೆ. ಪಿಕಳಾರ (ಬುಲ್‌ಬುಲ್) ಇರುವುದಿಲ್ಲ. ಸಫಾರಿ ಜೀಪಿನಲ್ಲಿ ಆರಾಮಾಗಿ ಕೂರುವುದೂ ಆರೇ ಜನ. ನಾಲ್ಕು ಜನ ಇದ್ದರೆ ಇನ್ನೂ ಒಳ್ಳೆಯದು, ಆದರೆ ತಲೆಗೆ ಬೀಳುವ ಖರ್ಚು ಏರುತ್ತದೆ.

ಊರ ಪಕ್ಕದ ಒಂದು ದಿನ

ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುವುದು. ದೂರದ ಪ್ಯಾಕೇಜಿಗೆ ದುಡ್ಡು ಹಾಕುವ ಮೊದಲು ಒಬ್ಬ ತಿಳಿದವರನ್ನು ಒಂದು ದಿನಕ್ಕೆ ಕರೆದುಕೊಂಡು ನಮ್ಮದೇ ಕೆರೆ, ನಮ್ಮದೇ ಗುಡ್ಡ ನೋಡಿ. ದಾವಣಗೆರೆ, ಚಿತ್ರದುರ್ಗದಲ್ಲಿ ವರ್ಷಗಟ್ಟಲೆ ಹಕ್ಕಿ ನೋಡುತ್ತಾ ಬಂದಿರುವ ಹವ್ಯಾಸಿಗಳಿದ್ದಾರೆ. ದಿನದ ಲೆಕ್ಕದಲ್ಲಿ ಇಷ್ಟು ಅಂತ ತೆಗೆದುಕೊಳ್ಳುವವರೂ ಇದ್ದಾರೆ, ಪೆಟ್ರೋಲು, ಊಟ ಸಾಕು ಅನ್ನುವವರೂ ಇದ್ದಾರೆ. ಸಾಕು ಅಂದವರಿಗೂ ಕೈಗೆ ಏನಾದರೂ ಕೊಡಿ. ಅವರ ಬೆಳಗಿನ ನಿದ್ದೆಗೂ ಬೆಲೆ ಇದೆ.

ಕುಂದುವಾಡ ಕೆರೆ ಊರೊಳಗೇ ಇದೆ. ನೀರುಕಾಗೆ, ಗುಳುಮುಳುಕ, ಮಿಂಚುಳ್ಳಿ, ಬೆಳ್ಳಕ್ಕಿ ಇವಿಷ್ಟನ್ನೂ ಗುರುತು ಹಿಡಿಯಲು ಕಲಿಯಲಿಕ್ಕೆ ಅಷ್ಟು ಸಾಕು. ಕೊಂಡಜ್ಜಿ ಇನ್ನೂ ವಾಸಿ, ಯಾಕೆಂದರೆ ಅಲ್ಲಿ ಕೆರೆಗೆ ಅಂಟಿಕೊಂಡೇ ಗುಡ್ಡ, ಕುರುಚಲು ಕಾಡು ಇದೆ. ನೀರಿನ ಹಕ್ಕಿಯೂ ಕಾಡಿನ ಹಕ್ಕಿಯೂ ಒಂದೇ ಬೆಳಿಗ್ಗೆ ಸಿಗುತ್ತವೆ, ವಯಸ್ಸಾದವರೂ ಮಕ್ಕಳೂ ಆಯಾಸವಿಲ್ಲದೆ ಓಡಾಡಬಹುದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ತುಂಬಾ ದೊಡ್ಡದು. ಅದೇ ಅದರ ಕಷ್ಟ ಕೂಡ. ಹಕ್ಕಿಗಳು ನಡುನೀರಿನಲ್ಲಿ ಚುಕ್ಕಿ ಥರ ಕಾಣುತ್ತವೆ. ಸ್ಕೋಪ್ ಇಲ್ಲದ ಗೈಡ್ ಜೊತೆ ಅಲ್ಲಿಗೆ ಹೋಗುವುದು ವೇಸ್ಟ್.

ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿಗಾಗಿ, ಅಂದರೆ ನಾಲ್ಕು ಕೊಂಬಿನ ಜಿಂಕೆಯಂಥ ಪ್ರಾಣಿಗಾಗಿ, ಮಾಡಿದ ವನ್ಯಜೀವಿಧಾಮ. 2011ರಲ್ಲಿ ಘೋಷಣೆಯಾಯಿತು. ಒಣ ಕಾಡಿನ ಹಕ್ಕಿಗಳಿಗೆ ಒಳ್ಳೆಯ ಜಾಗ. ಅರಣ್ಯ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಂಡಿರಬೇಕು. "ಗೇಟಿನಲ್ಲಿ ಮಾತಾಡ್ಕೊಳ್ಳೋಣ ಬಿಡಿ" ಅನ್ನುವ ಗೈಡ್ ಬೇಡ.

ಇನ್ನು ಜೋಗಿಮಟ್ಟಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಚಿತ್ರದುರ್ಗದಿಂದ ಆಡುಮಲ್ಲೇಶ್ವರ ದಾಟಿ ಮೇಲೆ ಹೋದರೆ ಗಾಳಿಯಂತ್ರಗಳ ಸಾಲು, ಬಂಡೆ, ಮುಳ್ಳುಪೊದೆ. ಈ ಬಂಡೆಗಳ ನಡುವೆ ಹಳದಿ ಕತ್ತಿನ ಪಿಕಳಾರ ಇದೆ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಜಗತ್ತಿನಲ್ಲಿ ಇನ್ನೆಲ್ಲೂ ಈ ಹಕ್ಕಿ ಇಲ್ಲ. ಅಪಾಯದ ಅಂಚಿಗೆ ಬಂದಿರುವ ಹಕ್ಕಿಗಳ ಪಟ್ಟಿಯಲ್ಲಿದೆ. ಹೊರದೇಶದವರು ಇದೊಂದನ್ನು ನೋಡಲಿಕ್ಕೇ ವಿಮಾನ ಹತ್ತಿ ಬರುತ್ತಾರೆ. ನಾವು ದುರ್ಗದವರು, ದಾವಣಗೆರೆಯವರು ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು.

ಆದರೆ ಅದು ಮನೆ ಮುಂದಿನ ಪಿಕಳಾರದ ಹಾಗೆ ತಂತಿ ಮೇಲೆ ಕೂತು ಕೂಗುವುದಿಲ್ಲ. ನಾವು ಐದು ಜನ ಹೋಗಿದ್ದೆವು. ಗೈಡ್ ಒಂದು ಬಂಡೆಯ ನೆರಳಿಗೆ ನಮ್ಮನ್ನು ಕೂರಿಸಿ, "ಇಪ್ಪತ್ತು ನಿಮಿಷ ಯಾರೂ ಮಾತಾಡಬೇಡಿ" ಅಂದರು. ಅವರೂ ಕೂತರು. ಮೊಬೈಲ್ ತೆಗೆಯಲಿಲ್ಲ, ಕೂಗು ಹಾಕಿ ಕರೆಯಲಿಲ್ಲ. ಕೆಳಗಿನ ಪೊದೆಯಿಂದ ನೀರು ಗುಳುಗುಳು ಅಂದ ಹಾಗೆ ಒಂದು ದನಿ ಬಂತು. ಆಮೇಲೆ ಎಲೆ ಅಲುಗಿತು. ಬಂಡೆ ಸಂದಿನ ಹಣ್ಣಿನ ಗಿಡದ ಮೇಲೆ ಒಂದು ಹಕ್ಕಿ ಬಂದು ಕೂತಿತು. ತಲೆ, ಕತ್ತು ಅರಿಸಿನ ಮೆತ್ತಿದ ಹಾಗೆ ಹಳದಿ, ಹೊಟ್ಟೆ ಬೂದಿ, ಬಾಲದ ಕೆಳಗೆ ಮತ್ತೆ ಹಳದಿ. ಹಣ್ಣು ಕಿತ್ತು ನುಂಗಿ, ಕೊಕ್ಕನ್ನು ಎರಡು ಸಲ ಕೊಂಬೆಗೆ ಒರೆಸಿ, ಬಂಡೆ ಹಿಂದೆ ಇಳಿದುಹೋಯಿತು. ಐದೂ ಜನ ನೋಡಿದೆವು. ಅಕ್ಕನೂ ನೋಡಿದಳು.

ಒಳ್ಳೆಯ ಗೈಡ್ ಅಂದರೆ ಯಾರು ಅಂತ ನನಗೆ ಅಲ್ಲಿ ಗೊತ್ತಾಯಿತು. ಹೆಸರು ಪಟಪಟ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಎಲ್ಲಿ ಕೂರಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು ಅಂತ ಗೊತ್ತಿರುವವರು ಕಡಿಮೆ.

ಎರಡು ದಿನ ಇದ್ದರೆ: ಭದ್ರಾ ರೆಸಾರ್ಟೋ, ಹಂಪಿಯ ಸ್ವಂತ ಗೈಡೋ?

ನಮ್ಮ ಕಡೆಯವರಿಗೆ ಎರಡು ದಿನದ ಪ್ರವಾಸ ಅಂದರೆ ನಿಜವಾದ ಪೈಪೋಟಿ ಈ ಎರಡರ ನಡುವೆ. ಎರಡಕ್ಕೂ ಕಾರಿನಲ್ಲಿ ಹೆಚ್ಚುಕಡಿಮೆ ಮೂರು ಗಂಟೆಯ ದಾರಿ.

ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿನ ದಂಡೆಗೆ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ರಿವರ್ ಟರ್ನ್ ಲಾಡ್ಜ್ ಇದೆ. ಇಲ್ಲಿ ತಲೆಗೆ ಇಷ್ಟು ಅಂತ ಲೆಕ್ಕ. ವಸತಿ, ಊಟ, ಜೀಪ್ ಸಫಾರಿ, ಬೋಟ್ ಎಲ್ಲ ಸೇರಿರುತ್ತದೆ. ಜೊತೆಗೆ ಕಾಡು, ಪ್ರಾಣಿ, ಹಕ್ಕಿ ತಿಳಿದ ನ್ಯಾಚುರಲಿಸ್ಟ್ ಬರುತ್ತಾರೆ. ನೀವು ಯಾವುದನ್ನೂ ಹೊಂದಿಸಬೇಕಾಗಿಲ್ಲ. ಮಕ್ಕಳು, ಅಜ್ಜ, ಅಜ್ಜಿ ಇರುವ ಮನೆಯವರಿಗೆ ಇದು ದೊಡ್ಡ ಅನುಕೂಲ.

ಇಲ್ಲಿಯ ವಿಶೇಷ ಲಾಡ್ಜಿಗೆ ಹೆಸರು ಕೊಟ್ಟ ಹಕ್ಕಿಯೇ. ರಿವರ್ ಟರ್ನ್ ಅಂತ ಎಲ್ಲರೂ ಕರೆಯುವ ನದಿ ರೀವ. ಕಪ್ಪು ಟೋಪಿ, ಹಳದಿ ಕೊಕ್ಕು, ಕವಲೊಡೆದ ಉದ್ದ ಬಾಲ. ಬೇಸಿಗೆಯಲ್ಲಿ ಜಲಾಶಯದ ನೀರು ಇಳಿದಾಗ ನಡುವೆ ಮಣ್ಣಿನ ದಿಬ್ಬಗಳು ಮೇಲೆ ಏಳುತ್ತವೆ. ಅವುಗಳ ಮೇಲೆ ಸಾವಿರಗಟ್ಟಲೆ ರೀವಗಳು ಬಂದು ಬರಿನೆಲದಲ್ಲೇ ಮೊಟ್ಟೆ ಇಡುತ್ತವೆ. ನೀರು ಇಳಿಯುವುದು ಯಾಕೆ ಹೇಳಿ? ನಾಲೆಗೆ ಬಿಡುತ್ತಾರಲ್ಲ, ಅದಕ್ಕೆ. ಆ ನಾಲೆಯೇ ದಾವಣಗೆರೆಯ ಬೇಸಿಗೆ ಭತ್ತಕ್ಕೆ ನೀರು ತರುವುದು. ನಮ್ಮ ಗದ್ದೆಗೆ ನೀರು ಬಂದಾಗ ಅಲ್ಲಿ ರೀವಗಳಿಗೆ ನೆಲ ಸಿಗುತ್ತದೆ. ಇದು ತಿಳಿದ ಮೇಲೆ ನಾನು ನಾಲೆ ನೀರನ್ನು ನೋಡುವ ರೀತಿಯೇ ಬೇರೆಯಾಯಿತು.

ಉರಿಬಿಸಿಲಲ್ಲಿ ತಾಯಿ ಹಕ್ಕಿ ಹೊಟ್ಟೆಯ ಗರಿಯನ್ನು ನೀರಲ್ಲಿ ಅದ್ದಿಕೊಂಡು ಬಂದು ಮೊಟ್ಟೆ ಮೇಲೆ ಕೂರುತ್ತದೆ. ತಂಪು ಮಾಡಲಿಕ್ಕೆ. ಬೋಟ್ ತೀರಾ ಹತ್ತಿರ ಹೋದರೆ ಇಡೀ ಹಿಂಡು ಎದ್ದುಬಿಡುತ್ತದೆ, ಮೊಟ್ಟೆಗಳು ಬಿಸಿಲಿಗೆ ಬೀಳುತ್ತವೆ. ಹಾಗಾಗಿ "ಇನ್ನೂ ಸ್ವಲ್ಪ ಹತ್ತಿರ ಹೋಗೋಣ" ಅಂತ ಬೋಟಿನವರನ್ನು ದಯವಿಟ್ಟು ಒತ್ತಾಯ ಮಾಡಬೇಡಿ.

ಇಂಥ ರೆಸಾರ್ಟ್ ಪ್ಯಾಕೇಜಿನ ಕೊರತೆ ಏನು ಅಂದರೆ, ಸಮಯ ನಿಮ್ಮ ಕೈಲಿ ಇರುವುದಿಲ್ಲ. ಸಫಾರಿಗೆ ಗೊತ್ತಾದ ಹೊತ್ತು. ಜೀಪಿನಲ್ಲಿ ಬೇರೆ ಮನೆಯವರೂ ಇರಬಹುದು, ಅವರಿಗೆ ಹುಲಿಯೇ ಬೇಕು. ನೀವು ಮಂಗಟ್ಟೆ (ಹಾರ್ನ್‌ಬಿಲ್) ನೋಡುತ್ತಾ ಕೂತರೆ ಅವರಿಗೆ ತಾಳ್ಮೆ ಇರುವುದಿಲ್ಲ. ತಪ್ಪು ಅವರದಲ್ಲ, ಅವರು ಬಂದಿದ್ದೇ ಹುಲಿಗೆ. ಆರು ಜನ ಒಟ್ಟಿಗೆ ಬುಕ್ ಮಾಡಿ, "ನಮ್ಮದು ಹಕ್ಕಿ ಗುಂಪು, ಜೀಪ್ ನಮಗೇ ಕೊಡಲಿಕ್ಕಾಗುತ್ತಾ?" ಅಂತ ಮೊದಲೇ ಕೇಳುವುದು ಇದಕ್ಕೇ.

ಹಂಪಿ–ದರೋಜಿ ದಾರಿ ಬೇರೆ ಥರ. ಅಲ್ಲಿ ಸ್ವಂತವಾಗಿ ದುಡಿಯುವ ಹಕ್ಕಿ ಗೈಡ್‌ಗಳು ಸಿಗುತ್ತಾರೆ. ಲೆಕ್ಕ ತಲೆಗಲ್ಲ, ದಿನಕ್ಕೆ. ಇಬ್ಬರು ಹೋದರೂ ಅಷ್ಟೇ, ಆರು ಜನ ಹೋದರೂ ಅಷ್ಟೇ. ಆರು ಜನ ಹಂಚಿಕೊಂಡರೆ ರೆಸಾರ್ಟ್ ಪ್ಯಾಕೇಜಿಗಿಂತ ಕೈಗೆ ಹಗುರ. ವಾಹನ, ರೂಮು, ಊಟ ನಿಮ್ಮದೇ ಜವಾಬ್ದಾರಿ. ಆದರೆ ಹೊತ್ತು ನಿಮ್ಮದು. ಒಂದೇ ಹಕ್ಕಿಯನ್ನು ಒಂದು ಗಂಟೆ ನೋಡಬೇಕು ಅನ್ನಿಸಿದರೆ ನೋಡಬಹುದು.

ಅಲ್ಲಿ ಗೈಡ್ ಬೇಕೇ ಬೇಕು. ಪೇಂಟೆಡ್ ಸ್ಯಾಂಡ್‌ಗ್ರೌಸ್ ಅನ್ನುವ ಹಕ್ಕಿ ಇದೆ, ಮೈಮೇಲೆ ಒಣಹುಲ್ಲು, ಬೆಣಚುಕಲ್ಲು ಬರೆದ ಹಾಗೆ ಗೆರೆಗಳು. ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದರೂ ಕಣ್ಣಿಗೆ ಬೀಳುವುದಿಲ್ಲ, ತೋರಿಸಿದ ಮೇಲೂ ಒಮ್ಮೆ ಕಣ್ಣು ಮಿಟುಕಿಸಿದರೆ ಕಳೆದುಹೋಗುತ್ತದೆ. ಬಂಡೆ ಸಂದಿಯ ಕೊಂಬಿನ ಗೂಬೆಯೂ ಹಾಗೇ. ಮಧ್ಯಾಹ್ನದ ಮೇಲೆ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರಕ್ಕೆ ಹೋದರೆ ಕರಡಿ, ನವಿಲು ಎರಡೂ ಕಾಣುತ್ತವೆ.

ಈ ದಾರಿಗೆ ಇನ್ನೊಂದು ಲಾಭ ಇದೆ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮೇಲೆ ಹೋದರೆ ಅಂಕಸಮುದ್ರ ಸಿಗುತ್ತದೆ. ಕೆರೆಯೊಳಗಿನ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ, ಅಘನಾಶಿನಿ ಅಳಿವೆ ಮೂರೂ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದವು. ಅದಕ್ಕೂ ಮೊದಲು ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ. ಬರೀ ಅಂಕಸಮುದ್ರ ನೋಡಿಕೊಂಡು ಸಂಜೆಗೆ ವಾಪಸ್ ಬರಬಹುದು. ಮಾಗಡಿ ಕೆರೆಗೂ ಅಷ್ಟೇ, ಒಂದು ದಿನ ಸಾಕು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಯ ಹೊಲಗಳಲ್ಲಿ ಮೇಯ್ದು ಕೆರೆಗೆ ಬಂದು ಇಳಿಯುತ್ತವೆ.

ಎರಡರಲ್ಲಿ ಒಂದು ಆರಿಸಿ ಅಂದರೆ? ಹಿರಿಯರು, ಸಣ್ಣ ಮಕ್ಕಳು ಇದ್ದರೆ, ಅಥವಾ ಫೆಬ್ರವರಿಯಿಂದ ಮೇ ಒಳಗೆ ಹೊರಡುವುದಾದರೆ ಭದ್ರಾ. ನಡೆಯಲು ಗಟ್ಟಿ ಇರುವ ಗೆಳೆಯರ ಗುಂಪು, ನವೆಂಬರಿಂದ ಫೆಬ್ರವರಿ, ಆಗ ಹಂಪಿ. ಬೇಸಿಗೆಯಲ್ಲಿ ಹಂಪಿ ಬಂಡೆಗಳ ನಡುವೆ ಒಂಬತ್ತು ಗಂಟೆಯ ಮೇಲೆ ನಿಲ್ಲಲು ಆಗುವುದಿಲ್ಲ.

ಮಳೆಗಾಲದಲ್ಲಿ ಏನೂ ಇಲ್ವಾ ಅಂತ ಕೇಳುತ್ತಾರೆ. ಇದೆ. ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯಲ್ಲಿ, ತುಂಗೆಯ ನಡುಗಡ್ಡೆ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಮರಿ ಮಾಡುತ್ತವೆ. ರಸ್ತೆ ಬದಿಯಿಂದಲೇ ಕಾಣುತ್ತದೆ. ಗೈಡ್ ಇಲ್ಲದಿದ್ದರೂ ನಡೆಯುತ್ತದೆ.

ಮೂರು ದಿನಕ್ಕೂ ಮೇಲೆ, ದೂರದ ಪ್ರವಾಸ

ಇಲ್ಲಿ ಸಾಮಾನ್ಯವಾಗಿ ಕಂಪನಿಗಳು ತಾರೀಖು ಗೊತ್ತು ಮಾಡಿ, ಬೇರೆ ಬೇರೆ ಊರಿನವರನ್ನು ಸೇರಿಸಿ ಕರೆದುಕೊಂಡು ಹೋಗುತ್ತವೆ. ಗೊತ್ತಿಲ್ಲದವರ ಜೊತೆ ಹೋಗುವುದರಲ್ಲಿ ಒಂದು ಸುಖ ಇದೆ, ಹಕ್ಕಿ ಹುಚ್ಚಿನ ಹೊಸ ಗೆಳೆಯರು ಸಿಗುತ್ತಾರೆ. ಆದರೆ ಕೊನೆ ಗಳಿಗೆಯಲ್ಲಿ ಗುಂಪು ಆರರಿಂದ ಹನ್ನೆರಡಾಗುವ ಅಪಾಯ ಇಲ್ಲೇ ಜಾಸ್ತಿ.

ನಮಗೆ ಹತ್ತಿರದ್ದು ಗಣೇಶಗುಡಿ, ಹುಬ್ಬಳ್ಳಿ, ದಾಂಡೇಲಿ ಮೇಲೆ ಸುಮಾರು ಐದು ಗಂಟೆ. ದಾಂಡೇಲಿ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ನಲ್ಲಿ ಹಕ್ಕಿಗಳಿಗೆ ನೀರಿನ ತೊಟ್ಟಿಗಳಿವೆ. ನೀವು ಒಂದು ಕಡೆ ಕೂತರೆ ಸಾಕು, ಕಾಡಿನ ಹಕ್ಕಿಗಳು ತಾವಾಗಿಯೇ ಸ್ನಾನಕ್ಕೆ ಇಳಿಯುತ್ತವೆ. ನಮ್ಮ ಅಕ್ಕನಂಥ ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಕೇರಳದ ತಟ್ಟೇಕಾಡು ಇನ್ನೂ ದೂರ, ಹೋಗಿ ಬರಲಿಕ್ಕೇ ಎರಡು ದಿನ ಬೇಕು. ಒಣ ಎಲೆಯ ಹಾಗೆ ಜೋಡಿಯಾಗಿ ಅಂಟಿಕೊಂಡು ಮಲಗುವ ಕಪ್ಪೆಬಾಯಿ ಹಕ್ಕಿ ನೋಡಬೇಕು ಅಂತ ಆಸೆ ಇದ್ದವರು ಹೋಗಿ. ಕೊಂಡಜ್ಜಿಯನ್ನೂ ಸರಿಯಾಗಿ ನೋಡದವರಿಗೆ ಅದು ಬೇಗ ಆಯಿತು ಅನ್ನುತ್ತೇನೆ. ಎರಡೇ ದಿನದಲ್ಲಿ ನೂರು ಹೊಸ ಹೆಸರು ಕಿವಿಗೆ ಬಿದ್ದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ಫೋಟೋ ಪ್ರವಾಸ ಬೇರೆ, ಹಕ್ಕಿ ನೋಡುವ ಪ್ರವಾಸ ಬೇರೆ

ಇದನ್ನು ಬುಕ್ ಮಾಡುವ ಮೊದಲೇ ಕೇಳಿ ತಿಳಿದುಕೊಳ್ಳಿ. ಫೋಟೋ ಪ್ರವಾಸದಲ್ಲಿ ಒಂದೇ ಕಡೆ ಗಂಟೆಗಟ್ಟಲೆ ಕೂರುತ್ತಾರೆ. ಕ್ಯಾಮೆರಾ ಇಲ್ಲದವರಿಗೆ ಬೇಜಾರು. ಹಕ್ಕಿ ನೋಡುವ ಪ್ರವಾಸದಲ್ಲಿ ನಡೆದಾಟ ಜಾಸ್ತಿ, ದೊಡ್ಡ ಲೆನ್ಸ್ ಹೊತ್ತವರಿಗೆ ಕಷ್ಟ. ಒಂದೇ ಗುಂಪಿನಲ್ಲಿ ಎರಡೂ ಥರದವರು ಇದ್ದರೆ ಇಬ್ಬರಿಗೂ ಅರೆಮನಸ್ಸು.

ಹಕ್ಕಿ ಚೆನ್ನಾಗಿ ಕಾಣಲಿ ಅಂತ ಅದರ ಕೂಗನ್ನು ಸ್ಪೀಕರಿನಲ್ಲಿ ಹಾಕಿ ಕರೆಯುವವರು ಇದ್ದಾರೆ. ಕೂಗು ಕೇಳಿದ ಗಂಡುಹಕ್ಕಿ ತನ್ನ ಜಾಗಕ್ಕೆ ಇನ್ನೊಬ್ಬ ಬಂದ ಅಂತ ಗಾಬರಿಯಿಂದ ಓಡಿ ಬರುತ್ತದೆ, ಮೇವು ಬಿಟ್ಟು, ಗೂಡು ಬಿಟ್ಟು. ದಿನಾ ಒಂದು ಗುಂಪು ಬಂದು ಹೀಗೆ ಮಾಡಿದರೆ ಆ ಹಕ್ಕಿಯ ಗತಿ ಏನು? ಗೂಡಿನ ಮುಂದಿನ ಕೊಂಬೆ ಕತ್ತರಿಸಿ ಫೋಟೋಗೆ ದಾರಿ ಮಾಡುವವರನ್ನೂ ಕಂಡಿದ್ದೇನೆ. ಹಾಗೆ ಬಯಲಾದ ಗೂಡನ್ನು ಕಾಗೆ ಬಿಡುವುದಿಲ್ಲ. ಇಂಥ ಪ್ರವಾಸ ಎಷ್ಟೇ ಅಗ್ಗವಾಗಿ ಸಿಕ್ಕರೂ ಹೋಗಬೇಡಿ. "ನೀವು ಕೂಗು ಹಾಕಿ ಕರೀತೀರಾ? ಗೂಡಿನ ಹತ್ತಿರ ಕರ್ಕೊಂಡು ಹೋಗ್ತೀರಾ?" ಅಂತ ಫೋನಿನಲ್ಲಿ ನೇರವಾಗಿ ಕೇಳಿ. "ನೂರಕ್ಕೆ ನೂರು ತೋರಿಸ್ತೀವಿ" ಅನ್ನುವವರ ಮೇಲೆ ನನಗೆ ಅನುಮಾನ. ಹಕ್ಕಿಗೆ ರೆಕ್ಕೆ ಇದೆ, ಅಲ್ವಾ?

ಅಡ್ವಾನ್ಸ್ ಹಾಕುವ ಮೊದಲು

ಒಬ್ಬ ಗೈಡ್‌ಗೆ ಹೆಚ್ಚೆಂದರೆ ಎಷ್ಟು ಜನ ಅನ್ನುವುದನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು, ನಮಗೆ ಆದ ಪಾಠ ಇದು. ಬರುವ ಗೈಡ್ ಯಾರು, ಆ ಜಾಗದವರಾ ಅಂತ ಕೇಳಿ. ಸ್ಕೋಪ್ ಇದೆಯಾ? ಕನ್ನಡದಲ್ಲಿ ವಿವರಿಸುತ್ತಾರಾ? ಮನೆಯ ಹಿರಿಯರಿಗೆ ಹಕ್ಕಿಯ ಹೆಸರು ಇಂಗ್ಲಿಷಿನಲ್ಲಿ ಮಾತ್ರ ಹೇಳಿದರೆ ಅದು ಅವರ ಕಿವಿ ಮೇಲಿಂದ ಹಾರಿಹೋಗುತ್ತದೆ. ಅದನ್ನೇ ಹಾಲಕ್ಕಿ, ಕಾಜಾಣ, ಕೆಂಬೂತ ಅಂದು ನೋಡಿ. ಅವರೇ ನಿಮಗೆ ನಾಲ್ಕು ಕಥೆ ಹೇಳುತ್ತಾರೆ. ದಿನಕ್ಕೆ ಎಷ್ಟು ನಡಿಗೆ, ಶೌಚಾಲಯ ಎಲ್ಲಿ ಸಿಗುತ್ತದೆ, ಅರಣ್ಯ ಇಲಾಖೆಯ ಶುಲ್ಕ, ಕ್ಯಾಮೆರಾ ಶುಲ್ಕ ಒಳಗೋ ಹೊರಗೋ, ಮಳೆ ಬಂದು ಸಫಾರಿ ನಿಂತರೆ ದುಡ್ಡಿನ ಕಥೆ ಏನು, ಇವನ್ನೂ ಕೇಳಿ. ಹೆಣ್ಣುಮಕ್ಕಳೇ ಹೋಗುವ ಗುಂಪಾದರೆ ರೂಮಿನ ವಿಷಯ ಮೊದಲು.

ಬೈನಾಕ್ಯುಲರ್ ಮಾತ್ರ ನಿಮ್ಮದೇ ಇರಲಿ. 8x42 ಅಂತ ಬರೆದಿರುವುದು ಸಾಕು. 8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಜಾಸ್ತಿ ಪಟ್ಟು ಇರುವುದನ್ನು ತಂದರೆ ಕೈ ನಡುಕವೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ಆರು ಜನಕ್ಕೆ ಕನಿಷ್ಠ ಮೂರು ಇರಬೇಕು. ಮಣ್ಣು, ಹಸಿರು, ಬೂದಿ ಬಣ್ಣದ ಬಟ್ಟೆ ಹಾಕಿಕೊಳ್ಳಿ. ಬುತ್ತಿಗೆ ಒಗ್ಗರಣೆ ಮಂಡಕ್ಕಿ ಒಯ್ಯುವುದಾದರೆ ಡಬ್ಬಿಯಲ್ಲಿ ಒಯ್ಯಿರಿ. ಪ್ಲಾಸ್ಟಿಕ್ ಕವರ್ ಬಿಚ್ಚುವ ಸದ್ದಿಗೆ ಒಂದು ಗೌಜುಗದ ಹಿಂಡು ಹಾರಿಹೋಗಿದ್ದು ನನ್ನ ಕಣ್ಣೆದುರಿಗೇ ಇದೆ.

ಈ ಚಳಿಗಾಲಕ್ಕೆ ಹೊರಡುವವರು ಹೀಗೆ ಮಾಡಬಹುದು. ನವೆಂಬರಿನ ಒಂದು ಭಾನುವಾರ ಕೊಂಡಜ್ಜಿ, ಡಿಸೆಂಬರಿನಲ್ಲಿ ಜೋಗಿಮಟ್ಟಿ, ಎರಡೂ ಸ್ಥಳೀಯ ಗೈಡ್ ಜೊತೆ. ಆ ಎರಡು ಬೆಳಿಗ್ಗೆಯಲ್ಲಿ ನಿಮ್ಮ ಗುಂಪಿನಲ್ಲಿ ಯಾರಿಗೆ ತಾಳ್ಮೆ ಇದೆ, ಯಾರಿಗೆ ನಡೆಯಲು ಆಗುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಜನವರಿಗೆ ಹಂಪಿಯೋ, ಮಾರ್ಚಿಗೆ ಲಕ್ಕವಳ್ಳಿಯೋ ತೀರ್ಮಾನ ಮಾಡಿ. ಲಕ್ಕವಳ್ಳಿ ಅಂತಾದರೆ ಶನಿವಾರ, ಭಾನುವಾರದ ರೂಮು ಬೇಗ ತುಂಬುತ್ತವೆ. ರಜೆ ಹಾಕಲು ಆಗುವವರು ವಾರದ ನಡುವಿನ ದಿನ ಕೇಳಿ, ಜೀಪಿನಲ್ಲಿ ನಿಮ್ಮ ಆರು ಜನರೇ ಇರುವ ಸಾಧ್ಯತೆಯೂ ಆಗಲೇ ಜಾಸ್ತಿ.